ಬೆಂಡೆಕಾಯಿ ಮುದ್ರೆ

ತರಕಾರಿಯಿಂದ ಅಚ್ಚೊತ್ತಿ ಚಿತ್ರ ಮಾಡಿಕೊಂಡು ಬನ್ನಿ ಎಂದು ಮಗಳ ಶಾಲೆಯಲ್ಲಿ ಹೇಳಿ ಕಳಿಸಿದ್ದರು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಹದಿನೇಳನೇ ಮಹಡಿಯ ನಮ್ಮ ಅಡುಗೆಮನೆಯಲ್ಲಿ, ಆ ದಿನ ಇದ್ದದ್ದು ಬೆಂಡೆಕಾಯಿ ಮಾತ್ರ. ತೊಟ್ಟಿನ ಬದಿ ಕತ್ತರಿಸಿ ಕೊಟ್ಟೆ. ಅವಳು ನೀಲಿ ಬಣ್ಣದಲ್ಲಿ ಅದ್ದಿ ಹಾಳೆಯ ಮೇಲೆ ಒತ್ತಿದಳು. ಐದು ಎಸಳಿನ ಹೂವೊಂದು ಮೂಡಿತು. ಇನ್ನೊಂದು ಒತ್ತಿದಳು, ಅದೂ ಚಂದ ಬಂತು. ಮೂರನೆಯದು ಹಾಳೆಯ ನಟ್ಟನಡುವೆ ಎಳೆದಿದ್ದ ಗೆರೆಯ ಮೇಲೆಯೇ ಬಿತ್ತು, ಅರ್ಧ ಆಚೆ, ಅರ್ಧ ಈಚೆ.

"ಕುಲಗೆಟ್ಟಿತು! ಇದು ಲೆಕ್ಕಕ್ಕಿಲ್ಲ!" ಎಂದು ಕೂಗಿಬಿಟ್ಟೆ. ಕೂಗಿದ್ದು ಸಾಲದೆಂಬಂತೆ ನಗತೊಡಗಿದೆ. ನಗು ನಿಲ್ಲಲೊಲ್ಲದು. ಮಗಳು ಬೆಂಡೆಕಾಯಿ ಹಿಡಿದುಕೊಂಡೇ, "ಡ್ಯಾಡಿ, ಇಟ್ಸ್ ಜಸ್ಟ್ ಎ ಫ್ಲವರ್" ಎಂದಳು. ಹೆಂಡತಿ ಒಳಗಿನಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಇದ್ದದ್ದು ಮೋನಾಕನ ನೆನಪು. ಅದನ್ನು ಅವಳಿಗೆ ವಿವರಿಸಲು ಒಂದು ಇಡೀ ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸವನ್ನೇ ಹೇಳಬೇಕಾಗುತ್ತದೆ. ಅವಳು ಕೇಳುವುದಿಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ.

ಮದುವೆಯಾದ ಮೇಲೂ ಸಂಸಾರವನ್ನು ಕರೆಸಿಕೊಳ್ಳುವ ಮೊದಲು ನಾನು ಕೆಲವು ವರ್ಷ ದುಬೈಯ ಅಲ್ ಬರ್ಷಾದ ಒಂದು ಫ್ಲ್ಯಾಟಿನಲ್ಲಿ ಬೆಡ್ ಸ್ಪೇಸ್, ಎಂದರೆ ಒಂದು ಮಂಚದಷ್ಟೇ ಜಾಗ, ಹಿಡಿದುಕೊಂಡಿದ್ದೆ. ಎರಡು ಕೋಣೆ, ಏಳು ಜನ, ಒಂದು ಅಡುಗೆಮನೆ, ಒಂದೇ ಒಂದು ಬಚ್ಚಲು. ಕೊನೆಯ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಜಾಗ ಖಾಲಿ ಇದೆಯೆಂದು ಯಾರೋ ಹೇಳಿದ್ದು ಕೇಳಿ ನಾನು ಮೊದಲ ಸಲ ಆ ಬಾಗಿಲು ತಟ್ಟಿದಾಗ ತೆರೆದವರು ಬಿಳಿ ಬನಿಯನ್, ಚೌಕಳಿ ಲುಂಗಿಯ ಒಬ್ಬ ಹಿರಿಯರು. ನನ್ನ ಕೆಲಸ ಏನು, ಸಿಗರೇಟು ಸೇದುತ್ತೇನೆಯೇ, ಗೊರಕೆ ಹೊಡೆಯುತ್ತೇನೆಯೇ, ಒಂದನ್ನೂ ಅವರು ಕೇಳಲಿಲ್ಲ.

"ಊರಲ್ಲಿ ಯಾವ ಬೂತು?" ಎಂದರು.

ನನಗೆ ಅರ್ಥವಾಗಲಿಲ್ಲ. "ವೋಟು ಹಾಕುವ ಬೂತು ಮಾರಾಯ, ಯಾವುದು?"

ನಾನು ಕಲಿತ ಹಿರಿಯ ಪ್ರಾಥಮಿಕ ಶಾಲೆಯ ಹೆಸರು ಹೇಳಿದೆ. ಅವರ ಮುಖ ಅರಳಿತು. "ಓ, ಅದು ಮೊದಲು ಪಂಚಾಯತ್ ಕಟ್ಟಡದಲ್ಲಿ ಇದ್ದದ್ದು. ಮಾಡಿನಲ್ಲಿ ಕಣಜದ ಹುಳ ಗೂಡು ಕಟ್ಟಿ, ಪೋಲಿಂಗ್ ಆಫೀಸರ್ ಬ್ಯಾಲೆಟ್ ಪೆಟ್ಟಿಗೆ ತಲೆ ಮೇಲೆ ಇಟ್ಟುಕೊಂಡು ಗದ್ದೆಗೆ ಓಡಿದ ನಂತರ ಶಾಲೆಗೆ ಬಂತು. ಬಾ, ಒಳಗೆ ಬಾ. ಆ ಕೆಳಗಿನ ಬಂಕು ಮಂಚ ನಿನ್ನದು."

ಅವರೇ ಮೋನಾಕ. ಹೆಸರು ಮೋನು, ಹಿರಿಯರಾದ್ದರಿಂದ ಕರಾವಳಿಯ ಬ್ಯಾರಿ ಮುಸ್ಲಿಮರ ವಾಡಿಕೆಯಂತೆ 'ಕಾಕ' ಸೇರಿ ಎಲ್ಲರಿಗೂ ಮೋನಾಕ. ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಫ್ಲ್ಯಾಟಿನ ಮೆಸ್ ಲೀಡರ್ ಕೂಡ ಅವರೇ. ಇಂದು ಏನು ಅಡುಗೆ, ಯಾರ ಸರದಿ, ಯಾರು ಪಾತ್ರೆ ತೊಳೆಯುವುದು ಎಲ್ಲವೂ ಅವರ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಬೂತು ಕೇಳಿಯೇ ಜನ ಸೇರಿಸಿಕೊಳ್ಳುತ್ತಿದ್ದರಿಂದ ಆ ಫ್ಲ್ಯಾಟಿನ ಏಳೂ ಮಂದಿ ಒಂದೇ ವಿಧಾನಸಭಾ ಕ್ಷೇತ್ರದವರಾಗಿದ್ದೆವು. ಒಳ್ಳೆಯ ಕ್ಷೇತ್ರ. ಒಂದೇ ಒಂದು ಕೊರತೆಯೆಂದರೆ ಅದು ಈಗ ಇರಲಿಲ್ಲ.

ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದಾಗ ನಮ್ಮದನ್ನು ತೆಗೆದೇ ಹಾಕಿದ್ದರು. ಅರ್ಧ ಉತ್ತರದ ಕ್ಷೇತ್ರಕ್ಕೆ ಹೋಯಿತು, ಅರ್ಧ ದಕ್ಷಿಣದ್ದಕ್ಕೆ. ಮೋನಾಕನ ಮನೆಯ ಎದುರಿನ ಮಾರ್ಗದ ಮೇಲೆಯೇ ಗೆರೆ ಬಿದ್ದದ್ದು. ಮನೆ ಒಂದು ಕ್ಷೇತ್ರದಲ್ಲಿ, ಮಾರ್ಗದಾಚೆಯ ಮಸೀದಿ ಇನ್ನೊಂದರಲ್ಲಿ. ಅವರ ನೆರೆಯವರೂ ಫ್ಲ್ಯಾಟಿನಲ್ಲಿ ಅವರ ಮೇಲಿನ ಬಂಕಿನವರೂ ಆದ ವಿಠಲಣ್ಣನ ಮನೆ ಮಸೀದಿಯ ಬದಿಗೆ ಸೇರಿತ್ತು. "ಹೆಂಡತಿ ಸಕ್ಕರೆ ಸಾಲ ಕೇಳ್ಲಿಕ್ಕೆ ಬೇರೆ ಕ್ಷೇತ್ರಕ್ಕೆ ಹೋಗ್ತಾಳೆ" ಎಂದು ಎಸಿ ಮೆಕ್ಯಾನಿಕ್ ವಿಠಲಣ್ಣ ಹೇಳುತ್ತಿದ್ದರು. ಊರಿನವರು ಎರಡು ಚುನಾವಣೆ ಕಳೆಯುವಷ್ಟರಲ್ಲಿ ಹಳೆಯ ಕ್ಷೇತ್ರವನ್ನು ಮರೆತುಬಿಟ್ಟರು. ಉಳಿದದ್ದು ಅಲ್ ಬರ್ಷಾದ ಎರಡು ಕೋಣೆಗಳಲ್ಲಿ ಮಾತ್ರ. ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿಯವರು ಪತ್ರ ಹಾಕಿ ನನ್ನ ತಪ್ಪುಗಳನ್ನು ತಿದ್ದುತ್ತಾರೆ.

ಇನ್ನು ಇತಿಹಾಸ. ನಾನು ಡಾಕ್ಯುಮೆಂಟ್ ಕಂಟ್ರೋಲರ್, ಎಂದರೆ ಬೇರೆಯವರು ಬರೆದ ಕಾಗದಗಳನ್ನು ಕಳೆದುಹೋಗದಂತೆ ನೋಡಿಕೊಳ್ಳುವ ಕೆಲಸದವನು. ಆದರೂ ಮೋನಾಕ ಹೇಳಿದ ಒಂದು ಅಂಕಿಯೂ ನನ್ನ ತಲೆಯಲ್ಲಿ ನಿಂತಿಲ್ಲ. ಅವರಿಗೆ ಎಲ್ಲವೂ ಬಾಯಿಪಾಠ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದ ಮೊದಲ ಚುನಾವಣೆಯಿಂದ ಹಿಡಿದು ಕ್ಷೇತ್ರ ಕಣ್ಣು ಮುಚ್ಚಿದ ಕೊನೆಯ ಚುನಾವಣೆಯವರೆಗೆ ಯಾರು ಗೆದ್ದರು, ಎಷ್ಟು ಅಂತರ, ಮೂರನೆಯವರು ಯಾರು, ಠೇವಣಿ ಕಳೆದುಕೊಂಡವರು ಯಾರ ಭಾವ, ಎಲ್ಲ. ಸ್ನಾನ ಮಾಡುವಾಗ ಬೇರೆಯವರು ಹಾಡಿಕೊಳ್ಳುತ್ತಾರಲ್ಲ, ಇವರು ಫಲಿತಾಂಶ ಹೇಳಿಕೊಳ್ಳುತ್ತಿದ್ದರು. ಹೊರಗೆ ಟವೆಲು ಹಿಡಿದು ನಿಂತ ನಮಗೆ ಎಂಬತ್ತರ ದಶಕ ಮುಗಿದರೆ ಬಾಗಿಲು ತೆರೆಯುತ್ತದೆಂದು ಗೊತ್ತಾಗುತ್ತಿತ್ತು.

ಊರು ಬಿಟ್ಟ ಮೇಲಿನದನ್ನೆಲ್ಲ ಅವರು ಕಲಿತದ್ದು ಒಣಮೀನಿನಿಂದ. ನಗಬೇಡಿ. ಆ ಕಾಲದಲ್ಲಿ ಊರಿನಿಂದ ಯಾರಾದರೂ ಬರುವಾಗ ಮನೆಯವರು ಹಪ್ಪಳ, ಒಣಮೀನು, ಉಪ್ಪಿನಕಾಯಿ ಕಳಿಸುತ್ತಿದ್ದರು. ಸುತ್ತಲು ಹಳೆಯ ಪೇಪರು. ಮೋನಾಕನ ಅಕ್ಕ ಬುದ್ಧಿವಂತೆ, ತಮ್ಮನ ಹುಚ್ಚು ಗೊತ್ತಿದ್ದವರು. ಚುನಾವಣೆಯ ಫಲಿತಾಂಶ ಬಂದ ಪುಟವನ್ನೇ ಎತ್ತಿಟ್ಟು ಅದರಲ್ಲಿ ಮೀನು ಕಟ್ಟುತ್ತಿದ್ದರು. ಇವರು ಮೀನನ್ನು ಬದಿಗಿಟ್ಟು ಪೇಪರನ್ನು ಇಸ್ತ್ರಿ ಮಾಡುತ್ತಿದ್ದರು. ಒಂದು ಸಲ ಮೂರನೇ ಸ್ಥಾನದವರ ಅಂಕಿಯ ಮೇಲೆಯೇ ನಂಗ್ ಮೀನು ಮಲಗಿಕೊಂಡು ಬಂದು ಎಣ್ಣೆ ಇಳಿದಿತ್ತಂತೆ. ಆ ಅಂಕಿ ಏಳೋ ಒಂದೋ ಎಂಬುದು ಎರಡು ವರ್ಷ ಕಳೆದು ರಜೆಯಲ್ಲಿ ಊರಿಗೆ ಹೋದ ಮೇಲೆಯೇ ಗೊತ್ತಾದದ್ದು. "ಎರಡು ವರ್ಷ ನನಗೆ ಸರಿಯಾಗಿ ನಿದ್ದೆ ಇಲ್ಲ, ಗೊತ್ತುಂಟಾ?" ಎಂದು ಮೋನಾಕ ನಿಜವಾದ ಸಂಕಟದಿಂದ ಹೇಳುತ್ತಿದ್ದರು.

ಅವರ ಕಥೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕೊಡೆಯದ್ದು. ಒಬ್ಬ ಪಕ್ಷೇತರರಿಗೆ ಕೊಡೆಯ ಚಿಹ್ನೆ ಸಿಕ್ಕಿತ್ತು. ಉರಿಬಿಸಿಲಿನ ತಿಂಗಳಿಡೀ ಪಾಪ ಅವರು ಕೊಡೆ ಬಿಡಿಸಿಕೊಂಡೇ ಮನೆಮನೆ ತಿರುಗಿದರು. ಮತದಾನದ ದಿನ ಬೆಳಿಗ್ಗೆಯೇ ಯಾರೂ ಎಣಿಸದ ಮಳೆ. ಜನರೆಲ್ಲ ಕೊಡೆ ಹಿಡಿದು ಬೂತಿಗೆ ಬಂದರು. ಎದುರಾಳಿಯ ಏಜೆಂಟು ಎದ್ದುನಿಂತ. ಮತಗಟ್ಟೆಯ ಹತ್ತಿರ ಅಭ್ಯರ್ಥಿಯ ಚಿಹ್ನೆ ಪ್ರದರ್ಶಿಸುವ ಹಾಗಿಲ್ಲ, ಇಷ್ಟೂ ಜನ ಪ್ರಚಾರ ಮಾಡುತ್ತಿದ್ದಾರೆ ಎಂದು ತಕರಾರು! ಅಧಿಕಾರಿ ತಲೆ ಕೆರೆದುಕೊಂಡು, ಕೊಡೆಗಳನ್ನೆಲ್ಲ ದೂರದ ಹುಣಸೆ ಮರದ ಬುಡದಲ್ಲಿ ರಾಶಿ ಹಾಕಿಸಿದರು. ಮತ ಹಾಕಿ ಬಂದವರಿಗೆ ತಮ್ಮ ಕೊಡೆ ಯಾವುದೆಂದು ಗೊತ್ತಾಗದೆ ಹೊಡೆದಾಟ. ಕೊನೆಗೆ ಎಣಿಸಿದಾಗ ಆ ಪಕ್ಷೇತರರಿಗೆ ಇಡೀ ಕ್ಷೇತ್ರದಲ್ಲಿ ಬಿದ್ದ ಮತಕ್ಕಿಂತ ಆ ಮರದ ಬುಡದಲ್ಲಿದ್ದ ಕೊಡೆಗಳೇ ಜಾಸ್ತಿಯಂತೆ.

ಎಲ್ಲರ ಮೇಲೂ ಮೋನಾಕನಿಗೆ ಪ್ರೀತಿ. ಸೋತವರ ಮೇಲೆ ಇನ್ನೂ ಹೆಚ್ಚು. ಅವರಿಗೆ ಆಗದಿದ್ದವರು ಒಂದೇ ಜಾತಿಯವರು, ಮುದ್ರೆ ತಪ್ಪಿ ಒತ್ತಿದವರು. ಹಾಗೆ ಹಾಳಾದ ಮತಕ್ಕೆ ಹಿಂದೆ ಪೇಪರಿನವರು 'ಕುಲಗೆಟ್ಟ ಮತ' ಎಂದು ಬರೆಯುತ್ತಿದ್ದರು. ಪ್ರತಿ ಚುನಾವಣೆಯ ಕೊನೆಗೆ ಅದರ ಲೆಕ್ಕ ಹೇಳುವಾಗ ಮೋನಾಕನ ಸ್ವರ ಏರುತ್ತಿತ್ತು. "ಮನೆಯಿಂದ ನಡೆದು ಹೋಗಿ, ಲೈನಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು, ಒಂದು ಮುದ್ರೆ ಸರಿಯಾಗಿ ಒತ್ತಲಿಕ್ಕೆ ಆಗದಿದ್ದರೆ ಅವ ಎಂತ ಮನುಷ್ಯ ಮಾರಾಯ?"

ಇಷ್ಟು ರೋಷಕ್ಕೆ ಕಾರಣ ಇತ್ತು. ಮೋನಾಕ ಜೀವಮಾನದಲ್ಲಿ ಒಂದು ವೋಟೂ ಹಾಕಿರಲಿಲ್ಲ.

ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಿದ್ದ ಕಾಲದಲ್ಲಿ ಅವರು ಇಪ್ಪತ್ತಕ್ಕೇ ಮುಂಬಯಿಗೆ ಬಸ್ಸು ಹತ್ತಿ, ಅಲ್ಲಿಂದ ದುಬೈಗೆ ಬಂದವರು. ಎರಡು ವರ್ಷಕ್ಕೊಮ್ಮೆ ರಜೆ. ಅವರ ರಜೆಗೂ ಚುನಾವಣೆಗೂ ಹುಟ್ಟಾ ವೈರ. ಒಂದು ಸಲ ಮೊದಲೇ ಲೆಕ್ಕ ಹಾಕಿ ರಜೆ ಬರೆಸಿಟ್ಟರೆ ಚುನಾವಣೆಯೇ ಮುಂದೆ ಹೋಯಿತು. ಇನ್ನೊಂದು ಸಲ ಮಾತ್ರ ಎಲ್ಲ ಕೂಡಿಬಂತು. ಮತದಾನದ ದಿನವೇ ಊರು ತಲುಪಿದರು. ಅಕ್ಕನ ಮನೆಯಲ್ಲಿ ಊಟ, ಸಣ್ಣ ನಿದ್ದೆ, ಸ್ನಾನ, ಹೊಸ ಅಂಗಿ, ಅತ್ತರು. ಬೂತು ಮುಚ್ಚಲು ಇನ್ನೂ ಒಂದು ಗಂಟೆ ಇದೆಯೆಂದು ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿಕೊಂಡು ಹೊರಟರು. ಹೋಗಿ ನೋಡಿದರೆ ಬಾಗಿಲು ಹಾಕಿದೆ. ಗಲ್ಫಿನವರ ಹಣೆಬರಹ ನಿಮಗೆ ಗೊತ್ತಲ್ಲ, ಊರಿಗೆ ಹೋದರೂ ಕೈಗಡಿಯಾರದ ಮುಳ್ಳು ತಿರುಗಿಸುವುದಿಲ್ಲ. ಕಂಪೆನಿಯಿಂದ ಫೋನು ಬಂದರೆ ಅಲ್ಲಿ ಎಷ್ಟು ಗಂಟೆ ಎಂದು ಗೊತ್ತಿರಬೇಕೆಂಬ ನೆಪ. ಮೋನಾಕನ ಕೈಯಲ್ಲಿ ದುಬೈ ಸಮಯ ಇತ್ತು, ಬೂತಿನ ಗೋಡೆಯಲ್ಲಿ ಅದಕ್ಕಿಂತ ಒಂದೂವರೆ ಗಂಟೆ ಮುಂದಿನ ಊರಿನ ಸಮಯ.

"ಕಿಟಕಿಯಿಂದ ನೋಡಿದೆ. ಪೆಟ್ಟಿಗೆಗೆ ಅರಗು ಹಾಕ್ತಾ ಇದ್ರು" ಎಂದು ಅವರು ಆ ಕಥೆಯನ್ನು ಮುಗಿಸುತ್ತಿದ್ದರು. "ಅರಗಿನ ವಾಸನೆ ಅಲ್ಲಿವರೆಗೆ ಬಂತು." ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಆದರೆ ಮೊದಲು ನಿಲ್ಲಿಸುವವರು ಅವರೇ.

ಅರುವತ್ತು ತುಂಬಿ, ವೀಸಾ ಕ್ಯಾನ್ಸಲ್ ಮಾಡಿಸಿ ಅವರು ಖಾಯಂ ಊರಿಗೆ ಹೊರಡುವುದೆಂದು ಗೊತ್ತಾದದ್ದು 2017ರ ಕೊನೆಗೆ. ಮುಂದಿನ ವರ್ಷ ವಿಧಾನಸಭೆ ಚುನಾವಣೆ ಇತ್ತು. ಊಟಕ್ಕೆ ಕೂತಾಗ ಮೋನಾಕ ಮದುಮಗನ ಹಾಗೆ ಹಿಗ್ಗಿ, "ಈ ಸಲ ಹಾಕುವುದೇ!" ಎಂದರು. ನನ್ನ ಬಾಯಿಗೆ ಬೀಗ ಇಲ್ಲ. "ಹಾಕಿ ಮೋನಾಕ, ಆದ್ರೆ ನಮ್ಮ ಕ್ಷೇತ್ರದಲ್ಲಿ ಅಲ್ಲವಲ್ಲ. ಅದು ಸತ್ತು ಹತ್ತು ವರ್ಷ ಆಯ್ತು. ನೀವು ಬಾಯಿಪಾಠ ಮಾಡಿದ್ದು ಒಂದು, ಪರೀಕ್ಷೆಗೆ ಬರುವುದು ಇನ್ನೊಂದು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಮೋನಾಕ ನಗಲಿಲ್ಲ. ತಟ್ಟೆಯಲ್ಲಿ ಇನ್ನೂ ಅನ್ನವಿತ್ತು, ಎದ್ದು ಕೈ ತೊಳೆದುಕೊಂಡರು. ಮರುದಿನ ಬಚ್ಚಲಿನಿಂದ ಬರೀ ನೀರಿನ ಸದ್ದು ಕೇಳಿಸಿತು. ಅದರ ಮರುದಿನವೂ ಅಷ್ಟೇ.

ನನಗೆ ಕೆಟ್ಟದೆನಿಸಿತು, ತೀರಾ ಕೆಟ್ಟದೆನಿಸಿತು. ಅವರು ಹೋಗುವ ಮೊದಲು ಇದನ್ನು ಸರಿಮಾಡದಿದ್ದರೆ ನನಗೆ ಊಟ ಸೇರುವ ಹಾಗಿರಲಿಲ್ಲ. ವಿಠಲಣ್ಣನಲ್ಲಿ ಹೇಳಿದೆ. ಅವರು ಸ್ಕ್ರೂಡ್ರೈವರಿನಿಂದ ಕಿವಿ ತುರಿಸಿಕೊಳ್ಳುತ್ತ ಯೋಚಿಸಿ, "ಮೋನಾಕ ಹೋದ್ರೆ ಮೆಸ್ ಲೀಡರ್ ಯಾರು?" ಎಂದರು. "ನೀವೇ" ಎಂದೆ. "ನಾನು ಅಂತ ನಾನು ಹೇಳ್ತೇನೆ. ಶಾಫಿ ಅವನು ಅಂತ ಹೇಳ್ತಾನೆ. ಅಂದ ಮೇಲೆ ಚುನಾವಣೆ ಮಾಡ್ಬೇಕಾ ಬೇಡ್ವಾ?"

ಆ ಕ್ಷಣ ನಾನು ಅವರನ್ನು ಎತ್ತಿ ಕುಣಿಸಬೇಕಿತ್ತು, ಅವರ ತೂಕ ನೋಡಿ ಬಿಟ್ಟೆ. ಏಳೂ ಮತದಾರರು ಹಳೆಯ ಕ್ಷೇತ್ರದವರು. ಮೋನಾಕನೂ ಅದರಲ್ಲಿ ಒಬ್ಬರು. ಕ್ಷೇತ್ರ ಊರಿನಲ್ಲಿ ಇಲ್ಲದಿದ್ದರೇನು, ಅಲ್ ಬರ್ಷಾದಲ್ಲಿ ಇತ್ತು. ವಿಷಯ ತಿಳಿಸಿದಾಗ ಮೋನಾಕ ಮೊದಲು, "ಪೊಕ್ಕಡೆ, ಸುಮ್ಮಸುಮ್ಮನೆ ತಮಾಷೆ ಮಾಡ್ಬೇಡಿ" ಎಂದರು. ತಮಾಷೆಯಲ್ಲ, ನಿಜವಾಗಿಯೂ ಲೀಡರ್ ಬೇಕು ಎಂದ ಮೇಲೆ ಎದ್ದು ಕೂತರು. "ಹಾಗಾದ್ರೆ ಎಲ್ಲ ಕ್ರಮದಲ್ಲಿ ಆಗ್ಬೇಕು. ಮಿಷನ್ ಬೇಡ, ಬ್ಯಾಲೆಟ್ಟು. ನಾನು ಬರೀ ಮತದಾರ, ನನ್ನ ಹತ್ತಿರ ಏನೂ ಕೇಳ್ಬೇಡಿ." ಮಾರನೇ ಬೆಳಿಗ್ಗೆ ಬಚ್ಚಲಿನಿಂದ ಐವತ್ತರ ದಶಕ ಮತ್ತೆ ಶುರುವಾಯಿತು.

ಕಾಗದಪತ್ರದ ಕೆಲಸದವನೆಂದು ನನ್ನನ್ನೇ ಚುನಾವಣಾಧಿಕಾರಿ ಮಾಡಿದರು. ಕಣದಲ್ಲಿ ಇಬ್ಬರು. ಒಬ್ಬರು ವಿಠಲಣ್ಣ, ಅವರದ್ದು ಕುಚ್ಚಲಕ್ಕಿ, ಮೀನಿನ ಸಾರು ಮತ್ತು ಶಿಸ್ತಿನ ಪಕ್ಷ. ಇನ್ನೊಬ್ಬ ಶಾಫಿ, ಮೋನಾಕನ ಅಕ್ಕನ ಮಗ, ಅದೇ ಒಣಮೀನು ಕಟ್ಟುತ್ತಿದ್ದ ಅಕ್ಕನ ಮಗ. ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ವಾರಕ್ಕೆರಡು ದಿನ ನೈಚೋರು ಎಂಬ ತುಪ್ಪದನ್ನ, ಒಂದು ದಿನ ಪಾಸ್ತಾ, ಪಾತ್ರೆ ತೊಳೆಯುವ ಸರದಿ ವಾಟ್ಸ್ಯಾಪಿನಲ್ಲಿ ಎಂಬುದು ಅವನ ಪ್ರಣಾಳಿಕೆ. ಚಿಹ್ನೆ ಹಂಚುವಾಗ ಕೊಡೆಯನ್ನು ಇಬ್ಬರೂ ಬೇಡವೆಂದರು, ಇತಿಹಾಸ ಗೊತ್ತಿದ್ದವರು. ಕೊನೆಗೆ ವಿಠಲಣ್ಣನಿಗೆ ಸೌಟು, ಶಾಫಿಗೆ ದೋಸೆ ಕಾವಲಿ. ಅಲ್ ಕೂಜ್‌ನಲ್ಲಿ ಸೈನ್‌ಬೋರ್ಡ್ ಕೆಲಸ ಮಾಡುವ ನಮ್ಮ ರಾಜೇಶ ಮತಪತ್ರ ಬರೆದುಕೊಟ್ಟ. ಮೇಲೆ ಸೌಟು, ಕೆಳಗೆ ಕಾವಲಿ, ನಡುವೆ ದಪ್ಪ ಗೆರೆ. ಅಡಿಯಲ್ಲಿ ಸತ್ತುಹೋದ ಕ್ಷೇತ್ರದ ಹೆಸರು. ಅದನ್ನು ನೋಡಿ ಮೋನಾಕ ಬೆರಳಿನಿಂದ ಒಮ್ಮೆ ಸವರಿದರು.

ಪ್ರಚಾರದ ವಾರದಲ್ಲಿ ನಾವೆಲ್ಲ ದಪ್ಪಗಾದೆವು. ವಿಠಲಣ್ಣ ಕೋರಿ ರೊಟ್ಟಿ ಮಾಡಿದರೆ ಶಾಫಿ ಬಿರಿಯಾನಿ ಇಳಿಸಿದ. ಇದು ಮತದಾರರಿಗೆ ಆಮಿಷ, ನೀತಿ ಸಂಹಿತೆಯ ಉಲ್ಲಂಘನೆ ಎಂದು ನಾನು ಇಬ್ಬರಿಗೂ ಲಿಖಿತ ನೋಟಿಸು ಕೊಟ್ಟೆ. ಎರಡು ತಟ್ಟೆ ಉಂಡ ಮೇಲೆಯೇ ಕೊಟ್ಟೆನೆಂಬುದು ಬೇರೆ ಮಾತು.

ತೊಡಕಾದದ್ದು ಮುದ್ರೆಯದ್ದು. ಒಂದು ರಬ್ಬರ್ ಸ್ಟ್ಯಾಂಪು ಮಾಡಿಸೋಣವೆಂದು ಅಂಗಡಿಗೆ ಹೋದರೆ ಅವನು ಟ್ರೇಡ್ ಲೈಸನ್ಸ್ ಕೇಳಿದ. ಯಾವ ಕಂಪೆನಿ ಎಂದ. ಕ್ಷೇತ್ರ ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ನಾನು ಹಿಂದೆ ನೋಡದೆ ಬಂದುಬಿಟ್ಟೆ. ಬಂದರೆ ವಿಠಲಣ್ಣ ಸಾಂಬಾರಿಗೆ ಬೆಂಡೆಕಾಯಿ ಹೆಚ್ಚುತ್ತಿದ್ದಾರೆ. ಚಿಕ್ಕವನಿದ್ದಾಗ ಶಾಲೆಯ ಸ್ಲೇಟಿನ ಮೇಲೆ, ಅಣ್ಣನ ಬಿಳಿ ಅಂಗಿಯ ಬೆನ್ನಿನ ಮೇಲೆ ನಾನು ಒತ್ತಿದ್ದ ಬೆಂಡೆಕಾಯಿ ಹೂಗಳು, ಅದಕ್ಕೆ ಬಿದ್ದ ಏಟುಗಳು ಒಟ್ಟಿಗೇ ನೆನಪಾದವು. ಮುದ್ರೆ ಸಿಕ್ಕಿತು. ಸ್ಟ್ಯಾಂಪ್ ಪ್ಯಾಡ್ ನನ್ನ ಆಫೀಸಿನದು. ಮತಪೆಟ್ಟಿಗೆ ಹಾಲಿನ ಪುಡಿಯ ಖಾಲಿ ಡಬ್ಬ, ಮುಚ್ಚಳಕ್ಕೆ ಸೀಳು. ಅರಗಿನ ಬದಲು ಮೇಣದಬತ್ತಿ ಕರಗಿಸಿ ಹಾಕಿದೆವು. ಹಾಕುವಾಗ ಮೋನಾಕ ಹತ್ತಿರ ಬಂದು ನಿಂತು ಮೂಸಿ ನೋಡಿದರು.

ಶುಕ್ರವಾರ ಬೆಳಿಗ್ಗೆ ಮತದಾನ. ಜುಮಾ ನಮಾಜಿಗೆ ಹೊರಡುವ ಮೊದಲು ಮುಗಿಯಬೇಕು. ಗುಪ್ತ ಮತದಾನಕ್ಕೆ ಚಿಲಕ ಇರುವ ಜಾಗ ಇಡೀ ಫ್ಲ್ಯಾಟಿನಲ್ಲಿ ಒಂದೇ, ಬಚ್ಚಲು. ಅಲ್ಲಿಯ ವಾಷಿಂಗ್ ಮಷಿನ್ ಮೇಲೆ ಪ್ಯಾಡು, ಬೆಂಡೆಕಾಯಿ, ಮತಪತ್ರ. ರಾತ್ರಿ ಪಾಳಿ ಮುಗಿಸಿ ಬಂದ ಜೋಸೆಫ್ ನಿದ್ದೆಗಣ್ಣಿನಲ್ಲೇ ಮೊದಲು ಹಾಕಿ ಮಲಗಿದ. ರಾಜೇಶ ಹಾಕಿದ, ಇಬ್ಬರು ಅಭ್ಯರ್ಥಿಗಳು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿ ಹಾಕಿದರು, ನಾನೂ ಹಾಕಿದೆ. ಆರನೆಯದು ಮೋನಾಕ. ಹೊಸ ಅಂಗಿ, ಅತ್ತರು. ಎಡಗೈಯ ತೋರುಬೆರಳು ಮುಂದೆ ಚಾಚಿದರು. ನಾನು ಮಾರ್ಕರಿನಿಂದ ನೀಲಿ ಗೆರೆ ಎಳೆದೆ. ಕೈಗಡಿಯಾರ ನೋಡಿಕೊಂಡು, "ಟೈಮ್ ಉಂಟಲ್ಲ?" ಎಂದರು. "ಬೇಕಾದಷ್ಟು ಉಂಟು" ಎಂದೆ. ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಐದು ನಿಮಿಷವಾಯಿತು. ಹತ್ತಾಯಿತು. ಸರದಿಯಲ್ಲಿ ಕೊನೆಗೆ ಉಳಿದವನು ಹನೀಫ್, ಟ್ಯಾಕ್ಸಿ ಡ್ರೈವರ್, ಅವನಿಗೆ ಬಚ್ಚಲು ಮತದಾನಕ್ಕಲ್ಲದೆಯೂ ತುರ್ತಾಗಿ ಬೇಕಿತ್ತು. "ಮೋನಾಕ, ಯಲ್ಲಾ, ಬೇಗ!" ಎಂದು ಬಾಗಿಲು ತಟ್ಟಿದ. ಮತದಾರರ ಮೇಲೆ ಒತ್ತಡ ಹೇರುವಂತಿಲ್ಲ ಎಂದು ನಾನು ಎಚ್ಚರಿಸಿದೆ. "ಒತ್ತಡ ಅವರ ಮೇಲಲ್ಲ ಮಾರಾಯ, ನನ್ನ ಮೇಲೆ!" ಎಂದು ಅವನು ಒಂಟಿಕಾಲಿನಲ್ಲಿ ಕುಣಿಯತೊಡಗಿದ. ವಿಠಲಣ್ಣ ಕುರ್ಚಿ ಹಿಡಿದುಕೊಂಡು ನಕ್ಕರು, ಶಾಫಿ ನೆಲದಲ್ಲೇ ಕೂತು ನಕ್ಕ, ಜೋಸೆಫ್ ಎದ್ದುಬಂದು ಏನೆಂದು ತಿಳಿಯದೆ ನಕ್ಕ. ಕೊನೆಗೆ ಚಿಲಕ ಸರಿಯಿತು. ಮೋನಾಕ ನಾಲ್ಕು ಮಡಿಕೆ ಮಾಡಿದ ಚೀಟಿಯನ್ನು ಡಬ್ಬಕ್ಕೆ ಇಳಿಸಿ, ಅದು ತಳ ಮುಟ್ಟಿದ ಸದ್ದು ಕೇಳಿಸಿಕೊಂಡರು. ಅವರ ಹಣೆಯಲ್ಲಿ ಬೆವರಿತ್ತು. ಹನೀಫ್ ಅವರನ್ನು ಸುತ್ತಿಕೊಂಡು ಒಳಗೆ ನುಗ್ಗಿದ.

ಊಟವಾದ ಮೇಲೆ ಎಣಿಕೆ. ಮೇಣ ಒಡೆದು ಚೀಟಿಗಳನ್ನು ಹಾಸಿಗೆಯ ಮೇಲೆ ಸುರಿದೆ. ಸೌಟು. ಕಾವಲಿ. ಕಾವಲಿ. ಸೌಟು. ಸೌಟು. ಕಾವಲಿ. ಮೂರು ಮೂರು! ಏಳನೆಯದು ನಾಲ್ಕು ಮಡಿಕೆಯದು. ಬಿಡಿಸಿದೆ. ನೀಲಿ ಹೂವು ನಡುಗೆರೆಯ ಮೇಲೆ ಅರಳಿ ಕೂತಿತ್ತು. ಸೌಟಿನ ಕಡೆ ಎರಡೂವರೆ ಎಸಳು, ಕಾವಲಿಯ ಕಡೆ ಎರಡೂವರೆ.

ಗಲಾಟೆಯೆಂದರೆ ಗಲಾಟೆ. ವಿಠಲಣ್ಣ ಅಡಿಕೋಲು ತಂದರು. ಶಾಫಿ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, "ನೋಡಿ, ಕಾವಲಿ ಕಡೆ ಲೋಳೆ ಜಾಸ್ತಿ!" ಎಂದ. "ಲೋಳೆಗೆ ವೋಟಿಲ್ಲ!" ಎಂದು ವಿಠಲಣ್ಣ ಗದರಿದರು. ಯಾವನೋ ಅದು ನಿದ್ದೆಗಣ್ಣಿನ ಜೋಸೆಫನದೆಂದ, ಜೋಸೆಫ್ ಸಿಟ್ಟಿಗೆದ್ದ. ಅಷ್ಟರಲ್ಲಿ ಮೂಲೆಯ ಬಂಕಿನಿಂದ ಸ್ವರ ಬಂತು.

"ಕುಲಗೆಟ್ಟ ಮತ. ತೆಗೆದು ಬದಿಗಿಡಿ."

ಎಲ್ಲರೂ ತಿರುಗಿದೆವು. ಮೋನಾಕ ನೀಲಿ ಗೆರೆಯ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. "ನಂದೇ ಅದು. ಬೇರೆಯವರಿಗೆ ಬೈಬೇಡಿ." ಆ ಬೆರಳನ್ನೇ ನೋಡುತ್ತ ಹೇಳಿದರು, "ಬೆಂಡೆಕಾಯಿ ಕಾವಲಿ ಮೇಲೆ ತಂದೆ. ಅಕ್ಕನ ಮಗ ಅಲ್ಲವಾ. ಆಗ ಇವನ ನೆನಪಾಯ್ತು. ಇಪ್ಪತ್ತೆರಡು ವರ್ಷ ನನ್ನ ಮೇಲಿನ ಬಂಕಿನಲ್ಲಿ ಮಲಗಿದವ. ನನಗೆ ಟೈಫಾಯ್ಡ್ ಆದಾಗ ಗಂಜಿ ಕುಡಿಸಿದವ. ಸೌಟಿಗೆ ತಂದೆ. ಆಗ ಅಕ್ಕನ ಮುಖ ಕಂಡಿತು. ಹಾಗೇ ಆಚೆ ಈಚೆ, ಆಚೆ ಈಚೆ. ಈ ಹನೀಫ್ ಬೇರೆ ಬಾಗಿಲು ಬಡೀತಾನೆ. ಕಡೆಗೆ ಕಣ್ಣು ಮುಚ್ಚಿ ಒತ್ತಿದೆ."

"ಕಣ್ಣು ಮುಚ್ಚಿ ಒತ್ತಿದ್ದು ಇಷ್ಟು ನಡುವಲ್ಲಿ ಬಿದ್ದದ್ದಾ?" ಎಂದೆ.

"ಕಣ್ಣು ಬಿಟ್ಟೇ ಒತ್ತಿದ್ದು ಮಾರಾಯ" ಎಂದು ಮೋನಾಕ ಒಪ್ಪಿಕೊಂಡು, ಹೊಟ್ಟೆ ಹಿಡಿದು ನಗತೊಡಗಿದರು. "ನಲವತ್ತು ವರ್ಷ ಎಷ್ಟು ಜನಕ್ಕೆ ಬೈದೆ ನಾನು! ಪಾಪ, ಅವರಿಗೂ ಹೀಗೇ ಎಂತದೋ ಆಗಿರ್ಬೇಕು." ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ವಿಠಲಣ್ಣ ಹೋಗಿ ಅವರ ಪಕ್ಕ ಕೂತರು. ಶಾಫಿ ಇನ್ನೊಂದು ಪಕ್ಕ. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಸಮ ಬಂದರೆ ಚೀಟಿ ಎತ್ತಬೇಕೆಂದು ನಿಯಮ ಹೇಳಿದವರೂ ಮೋನಾಕನೇ. ಎತ್ತಲು ಅವರನ್ನೇ ಕರೆದಾಗ, "ಮತ್ತೆ ನನ್ನ ಕೈಗೆ ಕೊಡ್ಬೇಡಿ!" ಎಂದು ಎರಡೂ ಕೈ ಹಿಂದೆ ಕಟ್ಟಿಕೊಂಡರು. ಕೊನೆಗೆ ಕಟ್ಟಡದ ಕಾವಲುಗಾರ, ಪೇಶಾವರದ ಖಾನ್ ಸಾಹೇಬರನ್ನು ಕರೆತಂದೆವು. ಅವರು ಬಿಸ್ಮಿಲ್ಲಾ ಹೇಳಿ ಎತ್ತಿದ್ದು ಕಾವಲಿ. ಶಾಫಿ ಗೆದ್ದ. ಗೆದ್ದವನು ಮಾಡಿದ ಮೊದಲ ಆಜ್ಞೆ, ಇವತ್ತು ಸಂಜೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಅಡುಗೆ ವಿಠಲಣ್ಣನದು. ಖಾನ್ ಸಾಹೇಬರೂ ಊಟಕ್ಕೆ ನಿಂತರು.

ಮೋನಾಕ ಊರಿಗೆ ಹೋಗುವಾಗ ಆ ಏಳನೆಯ ಚೀಟಿಯನ್ನು ನನ್ನಿಂದ ಕೇಳಿ ಪಡೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು. ಕ್ರಮಬದ್ಧವಾಗಿ ಅದನ್ನು ನಾನು ಮೊಹರು ಮಾಡಿ ಇಡಬೇಕಿತ್ತು. ಕೊಟ್ಟುಬಿಟ್ಟೆ.

ಮುಂದಿನ ಮೇ ತಿಂಗಳಲ್ಲಿ ಊರಿನ ಚುನಾವಣೆ ಬಂತು. ಮತದಾನ ಶನಿವಾರ, ನಮಗೆ ರಜೆ. ಫ್ಲ್ಯಾಟಿನಲ್ಲಿ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ, ವಿಠಲಣ್ಣ ತೆಂಗಿನಕಾಯಿ ತುರಿಯುತ್ತಿದ್ದರು, ಶಾಫಿ ಲೀಡರನಾದ್ದರಿಂದ ಸುಮ್ಮನೆ ನಿಂತಿದ್ದ. ಊರಿನಿಂದ ಫೋನು. ಸ್ಪೀಕರಿಗೆ ಹಾಕಿದೆ.

"ಹಾಕಿದೆ!" ಮೋನಾಕನ ಸ್ವರ ಅಡುಗೆಮನೆ ತುಂಬಿತು. "ಬೆಳಿಗ್ಗೆ ಏಳಕ್ಕೇ ಹೋದೆ. ಲೈನಲ್ಲಿ ನಾನೇ ಮೊದಲು. ವಾಚು ಊರಿನ ಟೈಮಿಗೆ ತಿರುಗಿಸಿ ಆಯ್ತು, ಮತ್ತೆ ಬದಲು ಮಾಡುದಿಲ್ಲ. ಬಟನ್ ಒತ್ತಿದ್ರೆ ಬೀಪ್ ಅಂತದೆ, ಗಾಜಿನ ಹಿಂದೆ ಚೀಟಿ ಕಾಣ್ತದೆ. ಏಳು ಸೆಕೆಂಡು. ನಲವತ್ತು ವರ್ಷ ಕಾದು ಏಳು ಸೆಕೆಂಡು, ಆದ್ರೂ ಒಳ್ಳೇದಿತ್ತು."

"ಮತ್ತೆ ಒಳಗೆ ಹೋಗಿ ಹದಿನೈದು ನಿಮಿಷ ನಿಂತ್ರಾ ಮಾಮ?" ಎಂದು ಶಾಫಿ ಕೇಳಿದ.

"ಇಲ್ಲಪ್ಪ, ಬೇಗ ಆಯ್ತು. ಅವರು ಯಾರೂ ನನಗೆ ಗಂಜಿ ಕುಡಿಸಿದವರಲ್ಲ, ಅಕ್ಕನ ಮಕ್ಕಳೂ ಅಲ್ಲ." ಎಂದು ಮೋನಾಕ ನಕ್ಕರು. "ಆದ್ರೆ ಈ ಮಿಷನ್ ಮಾಡಿದವರಿಗೆ ಒಂದು ಗೊತ್ತಾಗಲಿಲ್ಲ ನೋಡಿ. ಯಾರೂ ಬೇಡ ಅಂತ ಒತ್ತಲಿಕ್ಕೆ ಒಂದು ಬಟನ್ ಇಟ್ಟಿದ್ದಾರೆ. ಇಬ್ಬರೂ ಬೇಕು ಅಂತ ಒತ್ತಲಿಕ್ಕೆ ಇಡಲೇ ಇಲ್ಲ."

ವಿಠಲಣ್ಣ ತುರಿಯುವುದನ್ನು ನಿಲ್ಲಿಸಿದರು. ಕೈ ಒರೆಸಿಕೊಂಡು ಬಂದು, ನಾನು ಹೆಚ್ಚಿಟ್ಟಿದ್ದರಲ್ಲಿ ಒಂದು ಬೆಂಡೆಕಾಯಿ ಎತ್ತಿಕೊಂಡು, ಫೋನಿನ ಹತ್ತಿರ ಬಾಯಿ ತಂದು ಹೇಳಿದರು.

"ಅಲ್ಲಿ ಇಲ್ಲದಿದ್ರೆ ಇಲ್ಲಿಗೆ ಬನ್ನಿ ಮೋನಾಕ. ಬೆಂಡೆಕಾಯಿ ಉಂಟು."